ಮೂರನೇ ಪ್ಲಗ್ಗಿನ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಒಪ್ಪಿಕೊಂಡೆ. ಆದರೆ ಆವತ್ತು ಬೆಳಿಗ್ಗೆ ಕಾರಿನ ಮೀಟರಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಮಿಣುಕ್ ಮಿಣುಕ್ ಅನ್ನೋಕೆ ಶುರು ಮಾಡಿದಾಗ ನನಗೆ ಬಂದದ್ದು ಕೋಪವಲ್ಲ, ಅಳು. ಇದಕ್ಕೆ ಬೇರೆ ದಿನವೇ ಸಿಗಲಿಲ್ವಾ?

ಅದು ಅಣ್ಣನ ಗ್ಯಾರೇಜಿಗೆ ಕೊನೆಯ ದಿನ. ಮೂವತ್ತೊಂದು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಹೋದ ವರ್ಷ ಜ್ವರ ಬಂದು ಕಿವಿ ಹೋಯ್ತು, ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು. ಕಿವಿಗೆ ಮಿಷನ್ ಹಾಕಿಕೊಂಡರೆ ಹತ್ತಿರ ನಿಂತು ಕೂಗಿದ ಮಾತು ಕೇಳುತ್ತೆ. ಎಂಜಿನ್ನುಗಳು ಮಾತ್ರ ಎಲ್ಲವೂ ಮಿಕ್ಸಿ ತಿರುಗಿದ ಹಾಗೆ ಕೇಳುತ್ತವಂತೆ. "ಸದ್ದು ಗೊತ್ತಾಗದ ಮೇಲೆ ನಾನೆಂಥ ಮೆಕ್ಯಾನಿಕ್ಕು?" ಅಂದವನೇ ಆರು ತಿಂಗಳಿಂದ ಒಂದು ಬಾನೆಟ್ಟನ್ನೂ ಎತ್ತಿರಲಿಲ್ಲ. ಸ್ಪ್ಯಾನರ್ ಪೆಟ್ಟಿಗೆ, ಜಾಕು, ಎಲ್ಲ ಎದುರಿನ ಟೈರ್ ಅಂಗಡಿಯವನಿಗೆ ಕೊಡೋದು ಅಂತ ಮಾತಾಗಿತ್ತು. ಹನ್ನೊಂದಕ್ಕೆ ಅವನು ಬಂದು ಸಾಮಾನು ಹೊತ್ತುಕೊಂಡು ಹೋಗಬೇಕು, ಆಮೇಲೆ ನಾನು ಅಣ್ಣನನ್ನು ಮನೆಗೆ ಕರೆದುಕೊಂಡು ಹೋಗಬೇಕು. ಅಲ್ಲಿಗೆ ಮುಗೀತು. ಅತ್ತಿಗೆಯಂತೂ ವಾರದಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಕೈಕಟ್ಟಿ ಕೂತರೆ ಈ ಮನುಷ್ಯ ಬಾಡಿ ಹೋಗ್ತಾನೆ ಅಂತ ನಮ್ಮಿಬ್ಬರಿಗೂ ಗೊತ್ತು.

ಅಂಥ ದಿನ ಅವನನ್ನು ಕೊಳಕು ಕಾರಿನಲ್ಲಿ ಕೂರಿಸೋದು ಬೇಡ ಅಂತ ನಾನು ಎದ್ದ ಕೂಡಲೇ ಶಾಂಪೂ ಹಾಕಿ ಕಾರು ತೊಳೆದಿದ್ದೆ. ಚಕ್ರ, ಗಾಜು, ಬಾನೆಟ್ಟು. ಬಾನೆಟ್ಟಿನ ಒಳಗೂ ಪೈಪು ಹಿಡಿದಿದ್ದೆ.

ಗ್ಯಾರೇಜು ಇನ್ನೆರಡು ಬೀದಿ ಇದೆ ಅನ್ನುವಾಗ ಕಾರು ಗಡಗಡ ನಡುಗಿತು. ಅಣ್ಣ ಸಾವಿರ ಸಲ ಹೇಳಿದ್ದಾನೆ, ಆ ದೀಪ ಸುಮ್ಮನೆ ಉರಿದರೆ ನಿಧಾನಕ್ಕೆ ಬಾ, ಮಿಣುಕಿದರೆ ನಿಲ್ಲಿಸಿಬಿಡು ಅಂತ. ನಿಲ್ಲಿಸಿದೆ. ದಾರೀಲಿ ಹೋಗುತ್ತಿದ್ದ ಇಬ್ಬರನ್ನು ಗದರಿಸಿ, ತಳ್ಳಿಸಿಕೊಂಡು ಬಂದೆ.

ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ಸ್ಪ್ಯಾನರುಗಳೆಲ್ಲ ಪೆಟ್ಟಿಗೆ ಸೇರಿ, ಗೋಡೆಯ ಮೇಲೆ ಅವುಗಳ ಜಿಡ್ಡಿನ ಗುರುತು ಮಾತ್ರ ಉಳಿದಿತ್ತು.

"ದೀಪ ಮಿಣುಕ್ತಿದೆ!" ಅಂತ ಅವನ ಬಲಗಿವಿಗೆ ಕೂಗಿದೆ.

"ಬೇರೆಯವರಿಗೆ ತೋರಿಸು."

"ಒಡಹುಟ್ಟಿದವಳು ನಡುಬೀದೀಲಿ ಕೆಟ್ಟು ನಿಂತ್ರೂ ನಿಂಗೇನೂ ಅನ್ಸಲ್ವಾ?"

"ನಂಗೆ ಕೇಳ್ಸಲ್ಲ ಕಣೇ!"

"ಕಿವಿ ಕೇಳ್ಸಲ್ಲ ಸರಿ. ಕೈಗೇನು ಧಾಡಿ?"

ಅಂದಮೇಲೆ ನಾಲಗೆ ಕಚ್ಚಿಕೊಂಡೆ. ಅವನು ತನ್ನ ಎರಡೂ ಕೈ ನೋಡಿಕೊಂಡ. ಎದ್ದ. ಕಾರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿದ. "ಚಾಲು ಮಾಡು."

ಮಾಡಿದೆ. ಪಕ್ಕದ ಕನ್ನಡಿಯಲ್ಲಿ ಅವನ ಹುಬ್ಬು ಮೇಲೇರಿದ್ದು ಕಂಡಿತು.

"ಹೊಗೆ ಮುಗ್ಗರಿಸ್ತಿದೆ! ನಾಲ್ಕರಲ್ಲಿ ಒಂದು ಉರೀತಿಲ್ಲ!" ಕಿವಿ ಹೋದ ಮೇಲೆ ಅವನು ಮಾತಾಡೋದು ಹೀಗೆಯೇ, ಬೀದಿಗೆಲ್ಲ ಕೇಳೋ ಹಾಗೆ. "ಒಂದೊಂದೇ ಕಾಯಿಲ್ಲಿನ ವೈರು ಬಿಚ್ಚು. ಎಂಜಿನ್ ಆಫ್ ಮಾಡಿ ಬಿಚ್ಚೇ, ಮೆಣಸಿನಕಾಯಿ!"

ಮೆಣಸಿನಕಾಯಿ ಅಂದರೆ ನಾನು. ಅವನು ಹಾಗೆ ಕರೆದು ಆರು ತಿಂಗಳಾಗಿತ್ತು.

ನಮ್ಮ ಕಾರಿಗೆ ನಾಲ್ಕು ಪ್ಲಗ್ಗು. ಒಂದೊಂದರ ತಲೆಯ ಮೇಲೂ ಕಿಡಿ ಹತ್ತಿಸುವ ಒಂದು ಕಾಯಿಲ್ಲು. ಕೆಲಸ ಮಾಡುತ್ತಿರುವ ಕಾಯಿಲ್ಲಿನ ವೈರು ಬಿಚ್ಚಿದರೆ ಕಾರು ಇನ್ನೂ ಜಾಸ್ತಿ ಒದ್ದಾಡಬೇಕು. ಬಿಚ್ಚಿದರೂ ಏನೂ ಬದಲಾಗಲಿಲ್ಲ ಅಂದರೆ ಅಲ್ಲೇ ತೊಂದರೆ. ಒಂದನೆಯದು ಬಿಚ್ಚಿ, ಓಡಿ ಬಂದು ಚಾಲು ಮಾಡಿದೆ. ಅಣ್ಣ ತಲೆಯಾಡಿಸಿದ, ಇದಲ್ಲ. ಸಿಕ್ಕಿಸಿ, ಎರಡನೆಯದು. ಇದೂ ಅಲ್ಲ. ನನಗೋ ಓಡಿ ಓಡಿ ಏದುಸಿರು. ಮೂರನೆಯದು ಬಿಚ್ಚಿ ಚಾಲು ಮಾಡಿದೆ.

"ಹಿಡಿದೆ! ಹಿಡಿದೆ ನೋಡು! ಮೂರನೇದು!" ಅಂತ ಅಂಗೈ ಮಸಿ ಮಾಡಿಕೊಂಡು ಎದ್ದೇಬಿಟ್ಟ.

ಅಷ್ಟರಲ್ಲಿ ಟೈರಿನವನು ಬಂದ. ವಿಷಯ ಕೇಳಿ, ಇರಲಿ ಅಂತ ತನ್ನ ಪರೀಕ್ಷೆ ಮಿಷನ್ನು ತಂದು ಕಾರಿಗೆ ಸಿಕ್ಕಿಸಿದ. ಪರದೆ ನೋಡಿದವನೇ ಅಣ್ಣನ ಬಲಗಿವಿಗೆ ಕೂಗಿದ. "ಮೂರನೇದೇ! ನಿಮಗೆ ಹೆಂಗೆ ಗೊತ್ತಾಯ್ತು ಯಜಮಾನ್ರೇ?"

ಅಣ್ಣ ಅವನಿಗೆ ಮಸಿ ಅಂಗೈ ತೋರಿಸಿದ. "ಏನಾಗಿದೆ ಅಂತ ನಿನ್ನ ಮಿಷನ್ ಹೇಳುತ್ತಾ?"

"ಇಲ್ಲ, ಅದನ್ನ ಹೇಳಲ್ಲ."

ಅಣ್ಣ ಕಟ್ಟಿಟ್ಟಿದ್ದ ಪೆಟ್ಟಿಗೆಯ ಮುಚ್ಚಳ ತೆರೆದ. ಹುಡುಕಲೇ ಇಲ್ಲ, ಕೈ ನೇರ ಹತ್ತನೇ ನಂಬರ್ ಸ್ಪ್ಯಾನರಿಗೆ ಹೋಯ್ತು. ಮೂರನೇ ಕಾಯಿಲ್ಲು ಮೇಲಕ್ಕೆಳೆದ. ಕೆಳಗೆ ಪ್ಲಗ್ಗಿನ ಗುಂಡಿಯಲ್ಲಿ ನೀರು ತಳತಳ ಅಂತಿತ್ತು.

"ಎಂಜಿನ್ನಿಗೆ ನೀರು ಹೊಡೆದ ಕತ್ತೆ ಯಾವುದು?"

ಟೈರಿನವನು ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

ಟೈರಿನವನ ಗಾಳಿ ಪೈಪು ತಂದು ಗುಂಡಿಗೆ ಗಾಳಿ ಹೊಡೆದರು. ನೀರು ನನ್ನ ಮುಖಕ್ಕೇ ಚಿಮ್ಮಿತು. ತಕ್ಕ ಶಾಸ್ತಿ. ಪ್ಲಗ್ಗು, ಕಾಯಿಲ್ಲು ಒರೆಸಿ, ಒಣಗಿಸಿ, ಮತ್ತೆ ಕೂರಿಸಿ ಚಾಲು ಮಾಡಿದರೆ ಕಾರು ಅಲ್ಲಾಡಲಿಲ್ಲ. ದೀಪ ಮಿಣುಕೋದು ನಿಂತಿತು. ಸುಮ್ಮನೆ ಉರೀತಾ ಉಳಿದಿದ್ದ ಅದನ್ನು ಟೈರಿನವನು ತನ್ನ ಮಿಷನ್ನಿನಿಂದ ಆರಿಸಿದ. ಅಣ್ಣ ಕೊಳವೆಗೆ ಅಂಗೈ ಒಡ್ಡಿ ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಕೂತಿದ್ದ. ಹಳೇ ನಗು ಬಂದಿತ್ತು ಮುಖದಲ್ಲಿ.

ಟೈರಿನವನು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. "ಹಾಗಾದ್ರೆ ಇದನ್ನ..."

"ಅದು ಅಲ್ಲೇ ಇರ್ಲಿ," ಅಂದ ಅಣ್ಣ.

"ಜಾಕು?" ಅಂತ ಅವನು ಅದರ ಕಡೆ ಕೈ ತೋರಿಸಿದ.

"ಜಾಕೂ ಇರ್ಲಿ. ನೀನು ಬೇಕಾದ್ರೆ ನಿನ್ನ ಮಿಷನ್ ತಗೊಂಡು ದಿನಾ ಬಾ."

ಅವನು ಬೇಜಾರು ಮಾಡ್ಕೊಳ್ಳೋ ಬದಲು ನಕ್ಕುಬಿಟ್ಟ, ಪುಣ್ಯಾತ್ಮ. ಅಣ್ಣ ಆಗಲೇ ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಯ ಗುರುತುಗಳಿಗೆ ನೇತುಹಾಕುತ್ತಿದ್ದ. ಇನ್ನು ತಡೆಯೋಕಾಗಲಿಲ್ಲ. ಹತ್ತಿರ ಹೋಗಿ ಬಲಗಿವಿಗೆ ಕೂಗಿದೆ: "ಅಣ್ಣಾ, ಆ ಕತ್ತೆ ನಾನೇ!"

"ಗೊತ್ತು. ಎಂಜಿನ್ನೆಲ್ಲ ಶಾಂಪೂ ವಾಸನೆ. ಕಿವಿ ಹೋಗಿರೋದು, ಮೂಗಲ್ಲ."

ಕೊನೆಯ ಸ್ಪ್ಯಾನರ್ ನೇತುಹಾಕಿ, ಕೈ ಒರೆಸಿಕೊಂಡು, ನನ್ನ ಒದ್ದೆ ತಲೆಗೊಂದು ಮೊಟಕಿದ.

"ಕೆಲಸ ಕಮ್ಮಿ ಆದ ದಿನ ಹೇಳ್ತೀನಿ. ಇನ್ನೊಂದ್ಸಲ ತೊಳಿ."