ಕಡ ಕೊಟ್ಟ ರಸ್ತೆ

ವನಗೂರಿನಿಂದ ಮೇಲಕ್ಕಿರುವ ಬಿಳಿಗಲ್ಲು ಎಸ್ಟೇಟಿನ ಗೇಟಿಗೆ ಒಂದು ನಿಯಮವಿತ್ತು. ಈಗಿನ ಮಾಲೀಕರಾದ ಏಕಾಂತಯ್ಯನವರ ತಂದೆ ಮಾಡಿದ ನಿಯಮ ಅದು. ಎಸ್ಟೇಟಿನ ಆಚೆಯ ತುದಿಗೆ ಕೆಂಚನಹಡ್ಲು ಎಂಬ ಸಣ್ಣ ಊರಿದೆ. ಅದರ ಮಸಣ ಮಾತ್ರ ಗೇಟಿನಿಂದ ಕೆಳಗೆ, ಡಾಂಬರು ರಸ್ತೆಯ ಬದಿಗೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಹೊತ್ತವರಿಗೆ ಗೇಟು ತೆರೆದು ಎಸ್ಟೇಟಿನ ಕಾಂಕ್ರೀಟ್ ರಸ್ತೆಯಲ್ಲಿ ಬಿಡತಕ್ಕದ್ದು. ಬದುಕಿರುವವರು ಹಳ್ಳದ ಪಕ್ಕದ ಕಾಲುದಾರಿಯಲ್ಲಿ ಸುತ್ತಿಕೊಂಡು ಇಳಿಯತಕ್ಕದ್ದು. ಇದನ್ನು ಎಸ್ಟೇಟಿನವರು ದೊಡ್ಡ ಯಜಮಾನರ ಔದಾರ್ಯವೆಂದು ಹೇಳುತ್ತಿದ್ದರು. ಕೆಂಚನಹಡ್ಲಿನ ಮಾದೇವಮ್ಮ ಬೇರೆಯಾಗಿ ಹೇಳುತ್ತಿದ್ದಳು: "ಸತ್ತೋರ್ಗೆ ಸಿಮೆಂಟ್ ರಸ್ತೆ, ಇದ್ದೋರ್ಗೆ ಜಿಗಣೆ ದಾರಿ."

ಮಾದೇವಮ್ಮನ ಗಂಡ ದಾಸಯ್ಯನಿಗೆ ಲಕ್ವ ಹೊಡೆದು ಒಂದು ಕಾಲು ಬಿದ್ದುಹೋಗಿತ್ತು. ಸಕಲೇಶಪುರದ ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಇಬ್ಬರು ಹೊತ್ತು, ಹಳ್ಳ ದಾಟಿಸಿ, ಕೆಳಗೆ ಕಾದಿರುತ್ತಿದ್ದ ಬಾಬಾಜಾನನ ಜೀಪಿಗೆ ತಲುಪಿಸಬೇಕಾಗಿತ್ತು. ಮಳೆ ಹಿಡಿದರೆ ಹಳ್ಳ ದಾಟುವಂತಿರಲಿಲ್ಲ. ಹೋದ ಮಳೆಗಾಲವೆಲ್ಲ ಅವನು ಆಸ್ಪತ್ರೆಯ ಮುಖ ಕಂಡಿರಲಿಲ್ಲ.

ಹಳ್ಳದ ಪಕ್ಕಕ್ಕೆ ಕಾಂಕ್ರೀಟ್ ರಸ್ತೆಯೊಂದು ಸರ್ಕಾರದಿಂದ ಮಂಜೂರಾಗಿತ್ತು. ಗುತ್ತಿಗೆ ಹಿಡಿದವನು ಏಕಾಂತಯ್ಯನವರ ಅಳಿಯ ಪ್ರವೀಣ್. ಕೆಲಸ ಮುಗಿದಿದೆ ಎಂದು ಎಂಜಿನಿಯರು ದೃಢೀಕರಿಸಿ, ಬಿಲ್ಲು ಪಾವತಿಯಾಗಿ ಒಂದು ವರ್ಷವಾದರೂ ಅಲ್ಲಿ ಒಂದು ಬಾಂಡ್ಲಿ ಜಲ್ಲಿ ಸಹ ಬಿದ್ದಿರಲಿಲ್ಲ. ಮಾದೇವಮ್ಮ ಮೊಮ್ಮಗಳಿಂದ ಬರೆಯಿಸಿ ದೂರು ಕೊಟ್ಟಳು. ಮೇ ತಿಂಗಳಲ್ಲಿ, ಹಾಸನದಿಂದ ಚೈತ್ರಶ್ರೀ ಎಂಬ ತನಿಖಾಧಿಕಾರಿ ಬರುವರೆಂದು ನೋಟೀಸು ಬಂತು.

ಆಗ ಪ್ರವೀಣ್ ಮಾವನ ಮುಂದೆ ಬಂದು ನಿಂತ. "ಒಂದು ದಿನದ ಮಟ್ಟಿಗೆ, ಮಾವ. ನಮ್ಮ ರಸ್ತೇನೇ ತೋರಿಸಿಬಿಡೋಣ. ಬಂದವರು ನೋಡ್ಕೊಂಡು ಹೋಗ್ತಾರೆ."

ಏಕಾಂತಯ್ಯನವರ ಮನೆಯಲ್ಲಿ ದೊಡ್ಡ ತಾಮ್ರದ ಹಂಡೆಗಳಿದ್ದವು. ಸುತ್ತಿನ ಯಾವ ಮನೆಯಲ್ಲಿ ಮದುವೆಯಾದರೂ ಅವು ಕಡ ಹೋಗಿ, ಮರುದಿನ ಹುಣಿಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಹಿಂದಿರುಗುತ್ತಿದ್ದವು. ರಸ್ತೆಯನ್ನೂ ಅವರು ಹಾಗೆಯೇ ಭಾವಿಸಿದರು. ಮಗಳು ಮಾನಸಳ ಮುಖ ನೋಡಿ ಒಪ್ಪಿದರು.

ಗೇಟಿನ ಎರಡು ರೆಕ್ಕೆಗಳನ್ನೂ ಕಳಚಿ ಎಸ್ಟೇಟಿನ ಸ್ಟೋರಿನ ಹಿಂದೆ ಒರಗಿಸಿದ್ದಾಯಿತು. ‘ಕೆಂಚನಹಡ್ಲು ಸಂಪರ್ಕ ರಸ್ತೆ’ ಎಂಬ ಫಲಕ ಕಂಬದ ಪಕ್ಕಕ್ಕೆ ಬಂತು.

ಚೈತ್ರಶ್ರೀ ಸಕಲೇಶಪುರದಲ್ಲಿ ತಾವೇ ಜೀಪು ಗೊತ್ತುಮಾಡಿಕೊಂಡರು. ಅದು ಬಾಬಾಜಾನನದಾಗಿದ್ದುದು ಆಕಸ್ಮಿಕ. ಕುಡಿಯುವ ನೀರನ್ನೂ ಬುತ್ತಿಯನ್ನೂ ಜೊತೆಗೇ ತಂದಿದ್ದರು. ತನಿಖೆಗೆ ಹೋದ ಊರಿನಲ್ಲಿ ಒಂದು ಲೋಟ ಕಾಫಿ ಕುಡಿದರೂ ಅದು ಮುಂದೆ ವಕೀಲನ ಬಾಯಿಗೆ ಹೋಗುತ್ತದೆಂಬುದು ಅವರ ಅನುಭವ.

"ಈ ರಸ್ತೆ ಯಾರದ್ದಪ್ಪ?" ಎಂದು ಗೇಟಿಲ್ಲದ ಕಂಬಗಳ ನಡುವೆ ಹಾಯುವಾಗ ಕೇಳಿದರು.

"ನಾನು ಡ್ರೈವರು ಮೇಡಂ. ರಸ್ತೆ ಇದ್ರೂ ಓಡುಸ್ತೀನಿ, ಇಲ್ದಿದ್ರೂ ಓಡುಸ್ತೀನಿ. ಯಾರ್ದು ಅಂತ ಕೇಳಿದ್ರೆ ನಾಳೆ ಬಾಡ್ಗೆ ಸಿಗಾಕಿಲ್ಲ."

ಕಂಬದ ಕೊಂಡಿಗಳಲ್ಲಿ ಗ್ರೀಸು ಇನ್ನೂ ಹೊಳೆಯುತ್ತಿದ್ದುದನ್ನು ಚೈತ್ರಶ್ರೀ ಕಂಡರು. ಜೀಪಿನಿಂದ ಇಳಿದು ರಸ್ತೆಯನ್ನು ಕೊನೆಯವರೆಗೂ ನಡೆದರು. ಪ್ರವೀಣ್ ಛತ್ರಿ ಹಿಡಿದುಕೊಂಡು ಹಿಂದೆಯೇ ನಡೆದ.

"ಹೋದ ವರ್ಷದ ಕಾಂಕ್ರೀಟಿಗೆ ಇಷ್ಟು ಪಾಚಿಯೇ?"

"ಮಲೆನಾಡು ಮೇಡಂ. ಇಲ್ಲಿ ಸ್ವಲ್ಪ ಹೊತ್ತು ನಿಂತ್ರೆ ಮನುಷ್ಯನಿಗೂ ಪಾಚಿ ಕಟ್ಟುತ್ತೆ."

ಕಾಂಕ್ರೀಟಿನ ತುಂಡು ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರುವುದಕ್ಕೆ ತಿಂಗಳುಗಳು ಬೇಕು. ಅದಕ್ಕೆ ಮುನ್ನ ಹೇಳಿಕೆಗಳಾಗಬೇಕು. ಸ್ಟೋರಿನ ಜಗಲಿಯಲ್ಲಿ ಮೇಜು ಹಾಕಿಸಿ, ಏಕಾಂತಯ್ಯನವರನ್ನು ಎದುರಿಗೆ ಕೂರಿಸಿಕೊಂಡರು. ದೂರುದಾರಳಾದ ಮಾದೇವಮ್ಮ ಮೆಟ್ಟಿಲ ಮೇಲೆ ಕುಳಿತಳು.

"ಈ ರಸ್ತೆ ಸರ್ಕಾರದ್ದೇ?"

"ಹೌದು."

"ಇದರಲ್ಲಿ ನಿಮಗೆ ಏನಾದರೂ ಹಕ್ಕಿದೆಯೇ?"

"ಇಲ್ಲ."

"ಇಲ್ಲಿ ಗೇಟು ಇತ್ತಲ್ಲ?"

ಏಕಾಂತಯ್ಯ ಅಳಿಯನ ಕಡೆ ನೋಡಿದರು. "ಇತ್ತು. ತೆಗೆಸಿದ್ದೇನೆ."

"ಮತ್ತೆ ಹಾಕುವುದಿಲ್ಲವಷ್ಟೆ?"

"ಇಲ್ಲ" ಎಂದರು ಅವರು, ಹಂಡೆ ಕೊಡುವ ಧಾರಾಳದಲ್ಲಿ.

ಚೈತ್ರಶ್ರೀ ಎಲ್ಲವನ್ನೂ ಬರೆದುಕೊಂಡರು. ಮೆಟ್ಟಿಲ ಮೇಲೆ ಮಾದೇವಮ್ಮ ಕಿವಿಗೊಟ್ಟು ಕೇಳುತ್ತಿದ್ದಳು. ಜಗಲಿಯಲ್ಲಿದ್ದ ಯಾರಿಗೂ ಇನ್ನೂ ಹೊಳೆಯದಿದ್ದುದು ಅವಳಿಗೆ ಹೊಳೆದಿತ್ತು. ಅವಳು ಥಟ್ಟನೆ ಎದ್ದು ನಿಂತಳು.

"ಅವ್ವ, ನಂದೇ ತಪ್ಪು ಕಣವ್ವ. ರಸ್ತೆ ಐತೆ. ಮುದುಕಿ, ಕಣ್ಣು ಮಂಜು, ಕಾಣಿಸ್ನಿಲ್ಲ. ದೂರು ವಾಪಸ್ ತಗಂತೀನಿ."

ಪ್ರವೀಣ್ ಬೆರಗಾಗಿ ನಕ್ಕುಬಿಟ್ಟ. "ನೋಡಿ ಮೇಡಂ, ದೂರು ಕೊಟ್ಟವರೇ ಒಪ್ಪಿದರಲ್ಲ!"

"ಒಪ್ದೆ ಏನ್ಮಾಡನ ಅಳಿಯಂದ್ರೆ? ಎಷ್ಟು ಚೆಂದಾಗಿ ಮಾಡ್ಸಿದೀರಿ. ಯಜಮಾನ್ರೇ, ಒಂದು ರುಜು ಹಾಕ್ಬುಡಿ, ಪುಣ್ಯ ಬತ್ತದೆ."

ಚೈತ್ರಶ್ರೀ ಒಂದು ಕ್ಷಣ ಲೇಖನಿಯನ್ನು ಬೆರಳುಗಳ ನಡುವೆ ಹೊರಳಿಸಿದರು. ದೂರಿದವಳೂ ದೂರಿಗೆ ಗುರಿಯಾದವನೂ ಒಂದೇ ಸುಳ್ಳಿನಲ್ಲಿ ಜೊತೆಯಾದದ್ದನ್ನು ತಮ್ಮ ಸೇವೆಯಲ್ಲಿ ಅವರು ಮೊದಲ ಸಲ ಕಂಡಿದ್ದರು. ಕಾಗದವನ್ನು ಹಾಗೆಯೇ ಮುಂದಕ್ಕೆ ಸರಿಸಿದ್ದರೆ ಏಕಾಂತಯ್ಯ ರುಜು ಹಾಕಿಬಿಡುತ್ತಿದ್ದರು. ಅವರ ಕೈಯಲ್ಲಿ ಪೆನ್ನಿನ ಮುಚ್ಚಳ ತೆರೆದೇ ಇತ್ತು. ಆದರೆ ಹೇಳಿಕೆಯನ್ನು ಓದಿ ಹೇಳಿದ ಮೇಲೆಯೇ ರುಜು ಪಡೆಯಬೇಕೆಂಬುದು ಕ್ರಮ. ಚೈತ್ರಶ್ರೀ ಓದಿದರು.

"ಸದರಿ ರಸ್ತೆಯು ಸರ್ಕಾರಕ್ಕೆ ಸೇರಿದ್ದು. ಇದರ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಗೇಟನ್ನು ಮತ್ತೆ ಹಾಕುವುದಿಲ್ಲ. ಸಾರ್ವಜನಿಕರು ಹಗಲೂ ರಾತ್ರಿಯೂ ನಿರಾತಂಕವಾಗಿ ಸಂಚರಿಸಬಹುದು."

ಏಕಾಂತಯ್ಯನವರ ಕೈ ತಡೆಯಿತು.

"ಹಗಲೂ ರಾತ್ರಿಯೂ ಅಂದರೆ?"

"ಹಗಲೂ ರಾತ್ರಿಯೂ."

"ಇವತ್ತೊಂದು ದಿನ ಅಲ್ಲವೆ?"

"ರಸ್ತೆ ಸರ್ಕಾರದ್ದು ಅಂದಿರಿ. ಸರ್ಕಾರದ ರಸ್ತೆ ಒಂದು ದಿನದ್ದಾಗಿರುವುದಿಲ್ಲ."

"ಮಾವ, ಸೈನ್ ಹಾಕಿ" ಎಂದ ಪ್ರವೀಣ್. ಈಗ ಅವನ ದನಿಯಲ್ಲಿ ನಗು ಇರಲಿಲ್ಲ.

ಏಕಾಂತಯ್ಯ ದೂರದ ಬೋಳು ಕಂಬಗಳನ್ನು ನೋಡಿದರು. ಜೈಲಿಗೆ ಹೋಗಬಹುದಾದ ಅಳಿಯನನ್ನು ನೋಡಿದರು. ಮೆಟ್ಟಿಲ ಮೇಲೆ ಸೆರಗು ಬಿಗಿದುಕೊಂಡು ನಿಂತಿದ್ದ ಮಾದೇವಮ್ಮನನ್ನು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ಇದು ನಮ್ಮಪ್ಪ ಮಾಡಿಸಿದ ರಸ್ತೆ. ಸರ್ಕಾರದ್ದು ಇದರಲ್ಲಿ ಒಂದು ಹಿಡಿ ಮರಳೂ ಇಲ್ಲ. ಬರೆದುಕೊಳ್ಳಿ."

ಅವರು ನಿಜ ಹೇಳಿದ್ದರು. ನಿಜದ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ. ಆ ವ್ಯತ್ಯಾಸವನ್ನು ಬರೆಯಲು ಹೇಳಿಕೆಯಲ್ಲಿ ಸ್ಥಳವಿರುವುದಿಲ್ಲ. ಚೈತ್ರಶ್ರೀ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದರು, ಓದಿ ಹೇಳಿದರು, ರುಜು ಹಾಕಿಸಿಕೊಂಡರು. ಪ್ರವೀಣ್ ಅಷ್ಟರಲ್ಲಿ ಜಗಲಿಯಿಂದ ಇಳಿದು ಹೋಗಿದ್ದ.

ಚೈತ್ರಶ್ರೀ ಜೀಪು ಹತ್ತುವಾಗ ಮಾದೇವಮ್ಮ ಬಳಿಗೆ ಬಂದಳು.

"ಓದ್ಲೇಬೇಕಾಗಿತ್ತಾ ಅವ್ವ?"

"ಓದಲೇಬೇಕು ಅಜ್ಜಿ. ನಿಮ್ಮ ದೂರು ನಿಜ ಅಂತ ಆಯಿತಲ್ಲ."

"ನಿಜ ಅಂತ ನಂಗೆ ಮೊದ್ಲೇ ಗೊತ್ತಿತ್ತು. ರಸ್ತೆ ಬೇಕಾಗಿತ್ತು. ಓದಿ ಹಾಳ್ಮಾಡ್ಬುಟ್ಯಲ್ಲವ್ವ."

ಚೈತ್ರಶ್ರೀ ಜೀಪು ಹತ್ತಿ ಕುಳಿತರು. ಬಾಬಾಜಾನ್ ಅಗತ್ಯಕ್ಕಿಂತ ಜೋರಾಗಿ ಎಂಜಿನ್ ಮೊರೆಸಿದ.

ಚೈತ್ರಶ್ರೀಯವರ ವರದಿಯನ್ನು ಜಿಲ್ಲಾ ಕಚೇರಿಯಲ್ಲಿ ಮಾದರಿಯೆಂದು ಇತರರಿಗೆ ಓದಲು ಕೊಟ್ಟರು. ಎಂಜಿನಿಯರು ಅಮಾನತಾದರು. ಪ್ರವೀಣ್ ಬಂಧಿತನಾಗಿ, ಜಾಮೀನಿನ ಮೇಲೆ ಹೊರಬಂದ. ಮಾನಸ ತಂದೆಯೊಡನೆ ಮಾತು ಬಿಟ್ಟಳು. ಮೊಕದ್ದಮೆ ಇತ್ಯರ್ಥವಾಗುವ ತನಕ ಅದೇ ಕಾಮಗಾರಿಗೆ ಹೊಸ ಟೆಂಡರು ಕರೆಯುವಂತಿಲ್ಲವೆಂದು ಇಲಾಖೆ ಕೆಂಚನಹಡ್ಲಿಗೆ ತಿಳಿಸಿತು. ಗೇಟು ತನ್ನ ಕೊಂಡಿಗಳಿಗೆ ಮರಳಿತು.

ಆಷಾಢದಲ್ಲಿ ಹಳ್ಳ ತುಂಬಿತು. ಅದು ಇಳಿಯುವ ಮುನ್ನವೇ ದಾಸಯ್ಯ ತೀರಿಕೊಂಡ.

ಸುದ್ದಿ ತಿಳಿದೊಡನೆ ಏಕಾಂತಯ್ಯ ನಿಯಮದಂತೆ ಗೇಟು ತೆರೆಯಿಸಿದರು. ತಾವೇ ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಕಂಬದ ಬಳಿ ನಿಂತರು. ಬಹಳ ಹೊತ್ತು ಯಾರೂ ಬರಲಿಲ್ಲ. ನೋಡಿಬರಲು ಕಳುಹಿಸಿದ ಕಾವಲುಗಾರ ನೆನೆದುಕೊಂಡು ಹಿಂದಿರುಗಿದ.

"ಅವ್ರು ಹಳ್ಳದ ಕಡೆಯಿಂದ್ಲೇ ಇಳಿತಾವ್ರೆ ಯಜಮಾನ್ರೇ. ಹಗ್ಗ ಕಟ್ಕಂಡು ದಾಟುಸ್ತಾವ್ರೆ."

"ಗೇಟು ತೆರೆದಿದೆ ಅಂತ ಹೇಳಲಿಲ್ಲವೇನೋ?"

"ಹೇಳ್ದೆ. ‘ನಮ್ಮನೆಯೋರ್ಗೆ ಈ ದಾರಿನೇ ರೂಢಿ’ ಅಂದ್ಬುಟ್ಳು ಮಾದೇವಮ್ಮ."

ಏಕಾಂತಯ್ಯ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಕೆಳಗೆ ಮಸಣದ ಕಡೆಯಿಂದ ತಮಟೆಯ ಸದ್ದು ಕೇಳಿಸಿದ ಮೇಲೆ ಮನೆಯ ಕಡೆ ತಿರುಗಿದರು. ಗೇಟು ಹಾಕಬೇಕೋ ಬೇಡವೋ ಎಂದು ಕಾವಲುಗಾರ ಕೇಳಿದ. ಅವರು ಏನೂ ಹೇಳದಿದ್ದುದರಿಂದ, ಎಂದಿನಂತೆ ಹಾಕಿದ.