ಸೋಫಾದ ಕಾಲು ಮತ್ತು ಅರವತ್ತು ನಿಮಿಷದ ಬಾಗಿಲು

ಈ ಭೂಮಂಡಲದಲ್ಲಿ ನನ್ನಷ್ಟು ಚೆನ್ನಾಗಿ ಸೋಫಾ ಹೊಲಿಯುವವನು ಇನ್ನೊಬ್ಬನಿಲ್ಲ. ನಾನು ಮಾಡಿದ ಸೋಫಾದಲ್ಲಿ ಕುಳಿತ ಒಬ್ಬರು ಮೂರು ದಿನ ಎದ್ದಿರಲಿಲ್ಲ, ಮನೆಯವರು ಊಟವನ್ನು ಅಲ್ಲಿಗೇ ತಂದು ಕೊಟ್ಟರು. ನಂಬಿಕೆ ಬಾರದಿದ್ದರೆ ಎರಡು ದಿನ ಕಳೆದುಬಿಡಿ. ಒಂದು ದಿನವಂತೂ ನಿಜ.

ಇಂಥ ನಾನು, ನಮ್ಮ ಮನೆಯ ಒಂದು ಬಾಗಿಲು ಮುಚ್ಚಿಕೊಳ್ಳದಂತೆ ಸೋಫಾದ ಕಾಲೊಂದನ್ನು ಅಡ್ಡ ಇಟ್ಟಿದ್ದೆ. ನಿಮ್ಮಲ್ಲೂ ಇಟ್ಟಿರುತ್ತೀರಿ, ಇಟ್ಟಿಗೆಯನ್ನೋ ಸಿಲಿಂಡರನ್ನೋ. ಅದಕ್ಕೇ ಈ ಕಥೆ.

ನಮ್ಮದು ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಕೆಳಗೆ ಫೋಮು, ರೆಕ್ಸಿನ್, ಅಂಟು, ಹಲಗೆ. ಮೇಲೆ ಮಂಡಿನೋವಿನ ನನ್ನ ಅತ್ತೆ ಮತ್ತು ಏಳು ವರ್ಷದ ಮಗಳು ಪುಟ್ಟಿ. ಎರಡರ ನಡುವೆ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ಆ ಬಾಗಿಲು. ಏನು ಭಾರ ಅಂತೀರಿ! ತಳ್ಳಿದರೆ ತೆರೆಯುತ್ತದೆ, ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಮನೆ ಕಟ್ಟಿಸುವಾಗ ನನ್ನವಳು ಹಟ ಹಿಡಿದು ಹಾಕಿಸಿದ್ದು. ಅವಳು ನರ್ಸು, ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬಾಗಿಲಿನ ಮೆಟ್ಟಿಲ ಬದಿಗೆ ಪುಟ್ಟಿಯನ್ನು ಒರಗಿಸಿ ನಿಲ್ಲಿಸಿ, ಪ್ರತಿ ವರ್ಷ ಅವಳೆತ್ತರಕ್ಕೆ ಪೆನ್ಸಿಲ್ ಗೀಟು ಎಳೆಯುತ್ತಿದ್ದಳು. ಕೊನೆಯ ಗೀಟು ಐದನೇ ವರ್ಷದ್ದು. ಅದಾದ ಮೇಲೆ ಅವಳಿಗೆ ಸಮುದ್ರದಾಚೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಹೋಗಿ ಎರಡು ವರ್ಷವಾಯಿತು.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಫೋನು ಬರುತ್ತಿತ್ತು. ಮೇಲೆ ಅತ್ತೆಯ ಜೊತೆ ಸ್ಪೀಕರಿನಲ್ಲಿ ಜೋರು ಮಾತು. ನನ್ನ ಜೊತೆ ರಾತ್ರಿ ಬೇರೆ ಮಾತಾಡುತ್ತಿದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಆಗ ಇಬ್ಬರೂ ಸುಳ್ಳು ಹೇಳುತ್ತಿದ್ದೆವು: "ನಾನು ಆರಾಮಾಗಿದೀನಿ" ಅಂತ. ಅಮ್ಮನ ಜೊತೆ ಮಾತಾಡುವಾಗ ಮಾತ್ರ ಅವಳದು ನಿಜವಾದ ದನಿ. ಬೈಯುವುದು, ನಗುವುದು, ಮೂಗು ಏರಿಸುವುದು, ಎಲ್ಲ ಅಲ್ಲಿ. ಆ ದನಿ ಮೆಟ್ಟಿಲಿಳಿದು ನನ್ನ ತನಕ ಬರಲಿ ಅಂತಲೇ ಸೋಫಾದ ಕಾಲು ಇಟ್ಟಿದ್ದೆ. ಕೈಯಲ್ಲಿ ಸೂಜಿ, ಕಿವಿ ಮೆಟ್ಟಿಲಿನ ಕಡೆ. ಯಾರಿಗೂ ಹೇಳಿರಲಿಲ್ಲ. ಜಗತ್ಪ್ರಸಿದ್ಧ ಸೋಫಾದವನು ಹೆಂಡತಿಯ ದನಿಗೆ ಕಾದು ಕೂರುತ್ತಾನೆ ಅಂದರೆ ನನ್ನ ಮರ್ಯಾದೆ ಏನಾಗಬೇಕು?

ಒಂದು ದಿನ ಅಗ್ನಿಶಾಮಕ ಠಾಣೆಯ ಹೆಂಗಸು ಬಂದಳು. ಓಣಿಯೆಲ್ಲ ಅವಳನ್ನು ಫೈರಕ್ಕ ಅಂತಲೇ ಕರೆಯುವುದು. ಬೆಂಕಿ ಗಾಡಿಯ ಹರಿದ ಸೀಟನ್ನು ಹೆಗಲ ಮೇಲೆ ಹೊತ್ತು ತಂದಿದ್ದಳು. ಆನೆಯನ್ನೂ ಹಾಗೇ ಹೊರುತ್ತಾಳೆ ಅಂತ ಕಾಣುತ್ತದೆ.

"ಯಜಮಾನ್ರೇ, ಇದಕ್ಕೊಂದು ಹೊಸ ಕವರ್ ಹಾಕ್ಕೊಡಿ" ಅಂದವಳು ಅಲ್ಲೇ ನಿಂತುಬಿಟ್ಟಳು. "ಇದೇನು, ಬಾಗಿಲಿಗೆ ಕಾಲು ಬೇರೆ ಬಂದುಬಿಟ್ಟಿದೆ?"

"ತೇಗದ ಕಾಲು ಫೈರಕ್ಕ. ನಾನೇ ಕಡೆದಿದ್ದು. ಅರಮನೆಯವರು ಕೇಳಿದ್ರೂ ಕೊಡಲಿಲ್ಲ."

"ಅರಮನೆಗೆ ಕೊಟ್ಟಿದ್ರೇ ಚೆನ್ನಾಗಿತ್ತು. ಈ ಬಾಗಿಲಿನ ಅಂಚಲ್ಲಿ ಏನು ಬರೆದಿದೆ, ಯಾವತ್ತಾದ್ರೂ ಓದಿದೀರಾ?"

ಓದಿರಲಿಲ್ಲ. ಬಗ್ಗಿ ನೋಡಿದೆ. ಸಣ್ಣ ತಗಡಿನ ಚೀಟಿ: ಅಗ್ನಿನಿರೋಧಕ, ಅರವತ್ತು ನಿಮಿಷ.

"ನೋಡಿದ್ರಾ? ನಿಮ್ಮ ಫೋಮು ಕಿಡಿ ಬಿದ್ರೆ ಹತ್ಕೊಳ್ಳುತ್ತೆ. ಇಟ್ಟಿಗೆ ಹತ್ಕೊಳ್ಳಲ್ಲ. ಈ ಬಾಗಿಲು ಮಾಡೋದು ಬೇರೆ ಕೆಲಸ. ಆ ಕಡೆ ಬೆಂಕಿ ಇದ್ರೆ ಒಂದು ಗಂಟೆ ಹೊತ್ತು ಈ ಕಡೆ ಬಿಡಲ್ಲ. ಅಗ್ನಿನಿರೋಧಕ ಅಂದ್ರೆ ಸುಡೋದೇ ಇಲ್ಲ ಅಂತಲ್ಲ, ಅಷ್ಟು ಹೊತ್ತು ತಡೆಯುತ್ತೆ ಅಂತ. ಆ ಹೊತ್ತಲ್ಲಿ ಮನೆಯವರು ಹೊರಗೆ ಹೋಗ್ಬೇಕು."

"ಚೌಕಟ್ಟಿನಲ್ಲಿರೋ ಈ ಪಟ್ಟಿ ಯಾಕೆ? ಅಂದಕ್ಕೆ ಅಂದ್ಕೊಂಡಿದ್ದೆ."

"ಬಿಸಿ ತಾಗಿದ್ರೆ ಉಬ್ಬುತ್ತೆ. ಉಬ್ಬಿ ಸಂದು ಮುಚ್ಚುತ್ತೆ, ಹೊಗೆ ನುಗ್ಗದ ಹಾಗೆ. ಆದ್ರೆ ಬಾಗಿಲು ಹೀಗೆ ಬಾಯಿ ಬಿಟ್ಕೊಂಡಿದ್ರೆ ಉಬ್ಬಿ ಏನು ಪ್ರಯೋಜನ, ನಿಮ್ಮ ಎದೆ ಉಬ್ಬಿದ ಹಾಗೆ!"

ಮೇಲಿನಿಂದ ಅತ್ತೆ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಬಾಗಿಲು ತೆರೆದಿತ್ತಲ್ಲ!

ಫೈರಕ್ಕ ಅಷ್ಟಕ್ಕೇ ಬಿಡಲಿಲ್ಲ. ಗೋಡೆಯಲ್ಲಿ ವಯರು ಹೋಗುವ ತೂತಿಗೆ ನಾನು ತುರುಕಿದ್ದ ಫೋಮಿನ ಚೂರನ್ನು ಎಳೆದು ತೆಗೆದಳು. "ಬೆಂಕಿಗೆ ದಾರಿ ಮುಚ್ಚೋಕೆ ಬೆಂಕಿ ಮೇವನ್ನೇ ಇಟ್ಟಿದೀರಿ! ಇಂಥ ತೂತಿಗೆ ಅಂತಲೇ ಬೆಂಕಿ ತಡೆಯೋ ಗಾರೆ ಸಿಗುತ್ತೆ, ಅದನ್ನ ಮೆತ್ತಿಸಿ. ಸರಿ, ಮೇಲಿಂದ ಹೊರಗೆ ಹೋಗೋಕೆ ಇನ್ನೊಂದು ದಾರಿ?"

"ಹಿಂದೆ ಬಾಲ್ಕನಿ, ಕಬ್ಬಿಣದ ಮೆಟ್ಟಿಲು. ಗ್ರಿಲ್ಲಿಗೆ ಬೀಗ. ಆ ಬೀಗ ಒಡೆಯೋ ಕಳ್ಳ ಇನ್ನೂ ಹುಟ್ಟಿಲ್ಲ!"

"ಕೀಲಿ?"

"ನನ್ನ ಜೇಬಲ್ಲಿ ಭದ್ರವಾಗಿದೆ."

ಅವಳು ಹೆಬ್ಬೆರಳಿನಷ್ಟು ಫೋಮು ತೆಗೆದುಕೊಂಡು, ಅಂಗಳದಲ್ಲಿ ಖಾಲಿ ಪೇಂಟ್ ಡಬ್ಬದೊಳಗಿಟ್ಟು ಕಡ್ಡಿ ಗೀರಿದಳು. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡೇ ಗೀರಿದಳು. ಅವಳದು ಅದೇ ಕೆಲಸ, ನೀವು ಮಾತ್ರ ಮಾಡಿ ನೋಡಬೇಡಿ. ಹೆಬ್ಬೆರಳಿನಷ್ಟು ಫೋಮಿನಿಂದ ಎಮ್ಮೆಯಷ್ಟು ದೊಡ್ಡ ಕರಿ ಹೊಗೆ ಎದ್ದಿತು. ಇದರಲ್ಲಿ ಬೇಕಾದರೆ ಬಾಲದಷ್ಟು ಕಳೆಯಿರಿ.

"ಒಳಗೆ ಇಂಥದ್ದು ಎಷ್ಟಿದೆ?" ಅಂದಳು.

"ಒಂದು ಲಾರಿ."

"ಉರಿಗಿಂತ ಮೊದಲು ಹೊಗೆ ಮೇಲೆ ಹೋಗುತ್ತೆ. ಮಂಡಿನೋವಿನ ಮುದುಕಿ, ಒಂದು ಮಗು. ಇಲ್ಲಿ ತೆರೆದ ಬಾಗಿಲು, ಅಲ್ಲಿ ಬೀಗ. ನಾನಿನ್ನು ಬಿಡಿಸಿ ಹೇಳ್ಬೇಕಾ?"

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಗುಟ್ಟು ಹೊರಬಿತ್ತು. "ಬಾಗಿಲು ಮುಚ್ಚಿದ್ರೆ ಅವಳ ದನಿ ಕೇಳಿಸಲ್ಲ ಫೈರಕ್ಕ!"

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ಅವರ ದನಿ ಇಳಿದು ಬರೋ ದಾರೀಲೇ ಹೊಗೆ ಹತ್ತಿ ಹೋಗುತ್ತೆ, ಯಜಮಾನ್ರೇ" ಅಂದಳು ಮೆಲ್ಲಗೆ.

ರಾತ್ರಿ ನನ್ನವಳಿಗೆ ಎಲ್ಲ ಹೇಳಿದೆ.

"ಎರಡು ವರ್ಷ ಕದ್ದು ಕೇಳಿಸ್ಕೊಂಡ್ರಾ?"

"ಹೂಂ."

"ಒಂದು ದಿನವಾದ್ರೂ ಮೆಟ್ಟಿಲು ಹತ್ತಿ ಬರಬಾರದಿತ್ತಾ? ಹದಿನಾಲ್ಕೇ ಮೆಟ್ಟಿಲು. ನನಗಾದ್ರೆ ಸಮುದ್ರ ಇದೆ ಮಧ್ಯ." ಮೂಗು ಏರಿಸಿದಳು. "ಬಾಗಿಲು ಮುಚ್ರೀ. ನಾನು ಬರೋ ತನಕ ಅವರಿಬ್ರನ್ನ ಹಾಗೇ ಇಟ್ಕೊಳ್ಳಿ, ಸಾಕು."

ಮರುದಿನವೇ ಸೋಫಾದ ಕಾಲು ತೆಗೆದೆ. ತೂತಿಗೆ ಗಾರೆ ಮೆತ್ತಿಸಿದೆ. ಬೀಗದ ಬದಲು, ಒಳಗಿನಿಂದ ಕೀಲಿಯಿಲ್ಲದೆ ತೆಗೆಯಬಹುದಾದ ಚಿಲಕ ಹಾಕಿಸಿದೆ. ಹೊಗೆ ಕಂಡರೆ ಕೂಗುವ ಯಂತ್ರ ಕೆಳಗೊಂದು, ಮೇಲೊಂದು. ಒಂದು ಕೂಗಿದರೆ ಇನ್ನೊಂದೂ ಕೂಗುವಂಥದ್ದು. ಹನ್ನೊಂದಕ್ಕೆ ಕೈ ತೊಳೆದು ಮೆಟ್ಟಿಲು ಹತ್ತತೊಡಗಿದೆ. ಆದರೂ ಉಳಿದ ಹೊತ್ತಿನಲ್ಲಿ ಕೆಳಗಿನ ಮೌನ ಎಂಥದ್ದು! ಎಷ್ಟೋ ಸಲ ಬಾಗಿಲಿಗೆ ಕಿವಿಯಿಟ್ಟೆ. ಎರಡು ಸಲ ಸೋಫಾದ ಕಾಲನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ.

ಇನ್ನು ಮುಂದಿನದರಲ್ಲಿ ನಾನು ಒಂದು ಎಳೆಯನ್ನೂ ಸೇರಿಸುವುದಿಲ್ಲ.

ಮೂರು ವಾರ ಕಳೆದಿರಬೇಕು. ಅವತ್ತು ಪುಟ್ಟಿಗೆ ಶಾಲೆ ರಜೆ. ಹನ್ನೊಂದಕ್ಕೆ ಐದು ನಿಮಿಷ ಇತ್ತು. ನಾನು ರಸ್ತೆಯಲ್ಲಿ ಟೆಂಪೋಗೆ ಸೋಫಾ ಏರಿಸುತ್ತಿದ್ದೆ. ಯಂತ್ರ ಕೂಗಿತು. ತಿರುಗಿ ನೋಡಿದರೆ ಕೆಲಸದ ಕೋಣೆಯ ಬಾಗಿಲಲ್ಲಿ ಕರಿ ಹೊಗೆ. ಫೋಮಿನ ಹಿಂದಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಿನ್ನು ಸಡಿಲವಾಗಿತ್ತು, ಅಲ್ಲಿ ಕಿಡಿ ಹಾರಿದ್ದು ಅಂತ ಆಮೇಲೆ ಗೊತ್ತಾಯಿತು. ಒಳಗೆ ಎರಡು ಹೆಜ್ಜೆ ಇಟ್ಟೆ, ಉಸಿರು ಕಟ್ಟಿತು. ಟೆಂಪೋದವನು ನನ್ನ ಅಂಗಿ ಹಿಡಿದು ಹೊರಗೆಳೆದು ಠಾಣೆಗೆ ಫೋನು ಮಾಡಿದ. ಮನೆಯ ಹಿಂದಕ್ಕೆ ಓಡಿದೆ.

ಗ್ರಿಲ್ಲು ತೆರೆದಿತ್ತು. ಅತ್ತೆ ಕಬ್ಬಿಣದ ಮೆಟ್ಟಿಲು ಒಂದೊಂದೇ ಇಳಿಯುತ್ತಿದ್ದರು. ಮುಂದೆ ಪುಟ್ಟಿ, ಅವಳ ಕೈಯಲ್ಲಿ ಫೋನು. ಅವತ್ತು ಐದು ನಿಮಿಷ ಮೊದಲೇ ಬಂದ ಫೋನು. ಅದರೊಳಗಿಂದ ನನ್ನವಳ ದನಿ: "ಅಮ್ಮಾ, ಏನನ್ನೂ ತರೋಕೆ ಹಿಂದೆ ಹೋಗ್ಬೇಡ. ಇಳಿ. ಇಳೀತಾ ಇರು. ಅವರೆಲ್ಲಿ? ಪುಟ್ಟೀ, ಅಪ್ಪ ಎಲ್ಲಿ?"

"ಇಲ್ಲೇ ಇದೀನಿ" ಅಂದೆ. ನನ್ನ ದನಿ ಅವಳಿಗೆ ಕೇಳಿಸಿತು. ಆಚೆ ಕಡೆ ಅವಳು ಮೂಗು ಏರಿಸಿದ ಸದ್ದು ನನಗೆ ಕೇಳಿಸಿತು.

ಬೆಂಕಿ ಗಾಡಿ ಬಂತು. ಫೈರಕ್ಕ ನಾನು ಹೊಲಿದ ಸೀಟಿನಿಂದ ಹಾರಿಳಿದಳು. ಬೆಂಕಿ ಹಿಡಿತಕ್ಕೆ ಬರುವ ಹೊತ್ತಿಗೆ ನನ್ನ ಕೋಣೆ ಇದ್ದಿಲಾಗಿತ್ತು. ತೇಗದ ಕಾಲೂ ಹೋಯಿತು. ಬಾಗಿಲು ಮಾತ್ರ ನಿಂತಿತ್ತು.

ಎಲ್ಲ ತಣ್ಣಗಾದ ಮೇಲೆ ಫೈರಕ್ಕ ಕರೆದಳು. ಬಾಗಿಲಿನ ಕೆಲಸದ ಬದಿ ಕರಕಲು. ಮೆಟ್ಟಿಲ ಬದಿಗೆ ಬಂದು ನೋಡಿದೆ. ಬಣ್ಣ ಹಾಗೇ ಇತ್ತು. ಪೆನ್ಸಿಲ್ ಗೀಟುಗಳು ಹಾಗೇ ಇದ್ದವು.

"ಒಮ್ಮೆ ಬೆಂಕಿ ತಡೆದ ಬಾಗಿಲು ಇನ್ನೊಮ್ಮೆ ತಡೆಯುತ್ತೆ ಅಂತ ನೆಚ್ಚಬಾರದು. ಹೊಸದು ಹಾಕಿಸಿ" ಅಂದಳು. ಹಾಕಿಸಿದ್ದೇನೆ. ಹಳೆಯದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮೇಲಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ, ಜಾರದಂತೆ ಕಟ್ಟಿಟ್ಟಿದ್ದೇನೆ.

ಮೊನ್ನೆ ನನ್ನವಳು, "ಆ ಬಾಗಿಲು ತೋರಿಸ್ರೀ" ಅಂದಳು. ಫೋನು ಹಿಡಿದೆ. "ಪುಟ್ಟೀನ ನಿಲ್ಲಿಸಿ." ನಿಲ್ಲಿಸಿದೆ. ಕೊನೆಯ ಗೀಟು ಈಗ ಅವಳ ಮೂಗಿನ ಹತ್ತಿರ ಬರುತ್ತದೆ. ನಾನು ಪೆನ್ಸಿಲ್ ಎತ್ತಿಕೊಂಡೆ.

"ಬೇಡ. ನಾನು ಬಂದು ಎಳೀತೀನಿ" ಅಂದಳು.

ಇನ್ನು ಮೂರು ತಿಂಗಳಿದೆ. ಪೆನ್ಸಿಲ್ ಚೂಪು ಮಾಡಿ ಬಾಗಿಲ ಮೇಲಂಚಿನಲ್ಲಿ ಇಟ್ಟಿದ್ದೇನೆ.

ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದೇಳಿ. ನಾನು ಮಾಡಿದ ಸೋಫಾದ ಮೇಲೆ ಕುಳಿತಿದ್ದರೂ ಸರಿ, ಕಷ್ಟಪಟ್ಟು ಎದ್ದೇಳಿ. ಬೆಂಕಿ ತಡೆಯುವ ಬಾಗಿಲಿಗೆ ಏನು ಅಡ್ಡ ಇಟ್ಟಿದ್ದೀರಿ ನೋಡಿ, ತೆಗೆಯಿರಿ. ಹೊರಗೆ ಹೋಗುವ ಎರಡನೇ ದಾರಿಯನ್ನು ಮನೆಯ ಮಗು ಕೀಲಿಯಿಲ್ಲದೆ ತೆರೆಯಬಲ್ಲದೇ, ಈಗಲೇ ತೆರೆಯಿಸಿ ನೋಡಿ. ಮನೆ ಕಟ್ಟಿಸುವವರಿದ್ದರೆ ಬಾಗಿಲು ಎಷ್ಟು ಅಂದವಾಗಿದೆ ಅಂತ ಕೇಳುವ ಮೊದಲು, ಎಷ್ಟು ನಿಮಿಷ ತಡೆಯುತ್ತದೆ ಅಂತ ಕೇಳಿ. ದೂರ ಹೋದ ನಿಮ್ಮವರು ತಿರುಗಿ ಬಂದಾಗ, ಯಾರನ್ನು ಬಿಟ್ಟು ಹೋಗಿದ್ದರೋ ಅವರೆಲ್ಲ ಅಲ್ಲೇ ಇರಬೇಕು, ಒಂದಿಷ್ಟು ಎತ್ತರವಾಗಿ.