ನಾಲ್ಕನೆಯ ತಟ್ಟೆ

ಬೆಳಕು ಒಗ್ಗರಣೆ ಡಬ್ಬಿಯನ್ನು ದಾಟಿತು, ಇನ್ನು ಗೋಡೆಯ ಮೇಲಿನ ಆ ಎಣ್ಣೆಕಲೆಯ ತನಕ ಏರಿದರೆ ಹೊತ್ತು ಮುಳುಗಿದ ಹಾಗೆಯೇ, ದೀಪ್ತಿಗೆ ಗಡಿಯಾರ ಬೇಕಿಲ್ಲ, ಮದುವೆಯಾಗಿ ಬಸ್ತಿಹಳ್ಳಿಯ ಈ ಮನೆಗೆ ಬಂದಾಗಿನಿಂದ ಪಡುವಣ ಕಿಟಕಿಯ ಈ ಅಂಗೈಯಗಲ ಬಿಸಿಲೇ ಅವಳನ್ನು ಓಡಿಸುತ್ತಾ ಬಂದಿದೆ, ಕಾರ್ತಿಕ ಮಾಸ ಕಳೆದು ಹಗಲು ಕಿರಿದಾದ ಮೇಲಂತೂ ಅದಕ್ಕೆ ಇನ್ನೂ ಅವಸರ — ತೊವ್ವೆ ಆಯಿತು, ಹೀರೇಕಾಯಿ ಪಲ್ಯ ಆಯಿತು, ಅನ್ನ ಇಳಿಸಿದ್ದಾಯಿತು, ಚಪಾತಿ ಮಾತ್ರ ಉಳಿದಿದೆ, ಅದನ್ನು ಮೊದಲೇ ಮಾಡಿಟ್ಟರೆ ಮಾವನಿಗೆ ಸೇರುವುದಿಲ್ಲ, ಹೆಂಚಿನಿಂದ ನೇರ ತಟ್ಟೆಗೆ ಬೀಳಬೇಕು, ಮಾವ ಅನಂತನಾಥರು ಒಳ್ಳೆಯವರೇ, ಒಂದು ದಿನ ಗದರಿದವರಲ್ಲ, ಆರಿದ ಚಪಾತಿಯನ್ನು ಬೆರಳ ತುದಿಯಿಂದ ತಟ್ಟೆಯ ಅಂಚಿಗೆ ಸರಿಸುತ್ತಾರೆ, ಅಷ್ಟೇ, ಆ ಸರಿಸುವುದು ಎದೆಗೆ ತಾಗುತ್ತದೆ — ಹಳೇಬೀಡಿನ ಅಂಗಡಿಯಿಂದ ಅಪ್ಪ ಮಗ ಒಂದೇ ಬೈಕಿನಲ್ಲಿ ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ಅತ್ತೆಯೂ ಅವರ ಸಾಲಿಗೇ ಕೂರುತ್ತಾರೆ, ಮೂರು ತಟ್ಟೆ, ಅವಳು ಲಟ್ಟಿಸುತ್ತಾಳೆ, ಬೇಯಿಸುತ್ತಾಳೆ, ಬಡಿಸುತ್ತಾಳೆ, ಅವರು ಎದ್ದು ಕೈತೊಳೆಯುವ ಹೊತ್ತಿಗೆ ಆ ಎಣ್ಣೆಕಲೆ ಕಪ್ಪಾಗಿರುತ್ತದೆ, ಕತ್ತಲಾದ ಮೇಲೆ ಜೈನರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಅರಸೀಕೆರೆಯ ತವರಲ್ಲೂ ಅದೇ ನೇಮ, ಆದರೆ ಅಲ್ಲಿ ಅಮ್ಮ ಎಲ್ಲವನ್ನೂ ಮಾಡಿ ಮುಚ್ಚಿಟ್ಟು ಬಾರೇ ಕೂತ್ಕೋ ಅನ್ನುತ್ತಿದ್ದಳು, ಇಲ್ಲಿ ಅವಳಿಗೆ ಉಣ್ಣಬೇಡ ಎಂದವರು ಯಾರೂ ಇಲ್ಲ, ಹೊತ್ತು ಮುಳುಗುತ್ತದೆ, ಅಷ್ಟೇ. ಒಂದು ಲೋಟ ಸೋಸಿದ ನೀರು ಕುಡಿದು ಮಲಗಿದರೆ ಹೊಟ್ಟೆ ಸ್ವಲ್ಪ ಹೊತ್ತು ಗುರುಗುಟ್ಟಿ ತಾನೇ ಸುಮ್ಮನಾಗುತ್ತದೆ, ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ, ಬೆಳಗ್ಗೆ ಮನೆಯವರೆಲ್ಲ ಏಳುವ ಮುಂಚೆ ಎದ್ದು ಸ್ನಾನ ಮಾಡಿ ಬಸದಿಗೆ ಹೂವು ಕೊಟ್ಟು ಬಂದು ತಿಂಡಿ ಮಾಡಿ ಬಡಿಸಿ ಉಳಿದರೆ ಒಂದಷ್ಟು, ಮಧ್ಯಾಹ್ನ ಒಂದೇ ನಿಜವಾದ ಊಟ.

ಮುಟ್ಟು ನಿಂತದ್ದನ್ನು ಮೊದಲು ಗಮನಿಸಿದ್ದು ಅತ್ತೆ. ಈ ತಿಂಗಳು ನೀನು ಹೊರಗೆ ಕೂರಲೇ ಇಲ್ಲವಲ್ಲ ಅಂದರು, ಮುಂದಿನ ತಿಂಗಳೂ ಕೂರದೆ ಇದ್ದಾಗ ಅವಳ ಕೈಯಿಂದ ಕೊಡ ತೆಗೆದುಕೊಂಡರು, ಕಾಂಚನಮಾಲಾ ಎಂಬ ಅಷ್ಟುದ್ದದ ಹೆಸರಿನ, ಅಷ್ಟೇ ಕಡಿಮೆ ಮಾತಿನ ಹೆಂಗಸು, ಅವತ್ತು ಸಂಜೆ ಇನ್ನೂ ಬಿಸಿಲು ಅಂಗಳದಲ್ಲಿರುವಾಗಲೇ ಒಂದು ತಟ್ಟೆ ಹಾಕಿ ಮೊದಲು ನೀನು ಉಣ್ಣಮ್ಮ ಅಂದರು, ಆಮೇಲಿನದೆಲ್ಲ ನಾನು ನೋಡ್ಕೋತೀನಿ — ಮಾವನಿಗೆ ಆರಿದ ಚಪಾತಿಯೂ ನಡೆಯಿತು ಆ ದಿನಗಳಲ್ಲಿ, ಒಂದನ್ನೂ ಸರಿಸಲಿಲ್ಲ, ಗಂಡ ಅಕಲಂಕ ಅಂಗಡಿಯಿಂದ ಬಾದಾಮಿ ತಂದ, ನೆನೆಹಾಕಿ ಸಿಪ್ಪೆ ಸುಲಿದು ತಾನೇ ಅವಳ ಬಾಯಿಗೆ ಹಾಕಿದ, ಹೆಸರುಬೇಳೆ ಪಾಯಸ, ಬಿಸಿ ಅನ್ನಕ್ಕೆ ಚಮಚೆ ಚಮಚೆ ತುಪ್ಪ, ಅವಳು ಉಂಡಳು, ನಾಚಿಕೆಯಿಲ್ಲದೆ ಉಂಡಳು, ತನಗೆ ಇಷ್ಟು ಹಸಿವಿತ್ತೇ ಎಂದು ಬೆರಗಾಗುವಷ್ಟು, ರಾತ್ರಿ ಕಾಲು ಬೆಚ್ಚಗಿದ್ದವು, ವರ್ಷಗಳ ಮೇಲೆ ಪಾದ ಬೆಚ್ಚಗಿದ್ದವು, ಅದನ್ನೇ ಅವಳು ಮಗು ಅಂದುಕೊಂಡಳು — ಆಮೇಲೆ ಬೇಲೂರಿನ ಸ್ಕ್ಯಾನಿಂಗ್, ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ, ಆ ಹುಡುಗಿ ಯಂತ್ರವನ್ನು ಅತ್ತ ಒತ್ತಿದಳು ಇತ್ತ ಒತ್ತಿದಳು, ಪರದೆಯ ತುಂಬ ಬೂದಿ ಬಣ್ಣ, ನೀವು ಮನೇಲಿ ಟೆಸ್ಟ್ ಮಾಡ್ಕೊಂಡಿರಲಿಲ್ವಾ ಅಂತ ಕೇಳಿದಳು, ಮನೆಯಲ್ಲಿ ಅದಕ್ಕೆಲ್ಲ ಯಾರಿಗೆ ಸಹನೆಯಿತ್ತು, ಎಲ್ಲರೂ ನಂಬಿಬಿಟ್ಟಿದ್ದರು, ಏನೂ ಇಲ್ಲ ಮೇಡಂ ಇಲ್ಲಿ ಅಂದಳು ಆ ಹುಡುಗಿ. ಬರುವಾಗ ಕಾರಿನಲ್ಲಿ ಅಕಲಂಕ ಒಂದೆರಡು ಸಲ ಹಾರ್ನ್ ಹೊಡೆದ, ಎದುರಿಗೆ ಏನೂ ಇರಲಿಲ್ಲ — ಆ ಸಂಜೆ ಗೋಡೆಯ ಬಿಸಿಲು ಏರುತ್ತಾ ಏರುತ್ತಾ ಹೋಯಿತು, ಅವಳು ಕಾದಳು, ಕರೆಯುತ್ತಾರೇನೋ ಎಂದು ಕಾದಳು, ಅತ್ತೆ ನೆಲಕ್ಕೆ ಮೂರು ತಟ್ಟೆ ಇಟ್ಟು ಕೂತರು. ಅಲ್ಲಿಗೆ ಅವಳಿಗೆ ತಿಳಿಯಿತು, ಇಷ್ಟು ದಿನ ಉಂಡದ್ದು ಅವಳಲ್ಲ, ಒಳಗೆ ಇಲ್ಲದ ಯಾರೋ.

ಹೆಂಚು ಹೊಗೆಯಾಡುತ್ತಿದೆ, ಉರಿ ಸಣ್ಣಗೆ ಮಾಡಬೇಕು, ಕೈ ಎಷ್ಟು ತಣ್ಣಗಿದೆ ಎಂದರೆ ಒಲೆಯ ಹತ್ತಿರ ಹಿಡಿದರೂ ಉಗುರು ನೀಲಿ — ಬಚ್ಚಲ ಜಾಲರಿಯಲ್ಲಿ ದಿನಾ ಒಂದು ಉಂಡೆ ಕೂದಲು, ಬಸದಿಯ ನುಣುಪು ಕಂಬದಲ್ಲಿ ಪ್ರವಾಸಿಗಳು ಮುಖ ನೋಡಿಕೊಂಡು ನಗುತ್ತಾರೆ, ಅವಳು ಒಮ್ಮೆ ಹೂವಿನ ಬುಟ್ಟಿ ಹಿಡಿದು ಅದರ ಮುಂದೆ ಹಾದಾಗ ಕಲ್ಲಿನೊಳಗೆ ಯಾರೋ ಮುದುಕಿ ಹೋದ ಹಾಗಾಗಿ ತಿರುಗಿ ನೋಡಿದಳು, ಹಿಂದೆ ಯಾರೂ ಇರಲಿಲ್ಲ. ದೀಪಾವಳಿಗೆ ತವರಿಗೆ ಹೋದಾಗ ಅಮ್ಮ ಅವಳ ತೋಳು ಹಿಡಿದು ನೋಡಿ ಏನೂ ಕೇಳದೆ ಡಾಕ್ಟರ್ ಹೇಮಾಶ್ರೀ ಹತ್ತಿರ ಕರೆದುಕೊಂಡು ಹೋದಳು, ಆ ಡಾಕ್ಟರು ಹೊಟ್ಟೆ ಮುಟ್ಟುವ ಮುಂಚೆ ದಿನ ಹೇಗೆ ಕಳೆಯುತ್ತೀರಿ ಹೇಳಿ ಎಂದರು, ಎಷ್ಟು ಹೊತ್ತಿಗೆ ಏಳ್ತೀರಿ, ಎಷ್ಟು ಹೊತ್ತಿಗೆ ಮಲಗ್ತೀರಿ, ರಾತ್ರಿ ಏನು ತಿಂತೀರಿ, ರಾತ್ರಿ ಏನೂ ಇಲ್ಲ, ಸರಿ ನೀವು ಜೈನರು, ಸಂಜೆ ಏನು ತಿಂತೀರಿ — ಸಂಜೆ ನಾನು ಬಡಿಸ್ತೀನಿ ಅಂದಳು. ಅಮ್ಮ ಮುಖ ಆಚೆ ತಿರುಗಿಸಿಕೊಂಡಳು. ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು, ದೇಹಕ್ಕೆ ಊಟ ಸಿಗ್ತಾ ಇಲ್ಲ, ನಿದ್ದೆ ಸಿಗ್ತಾ ಇಲ್ಲ ಅಂತ ಗೊತ್ತಾದ್ರೆ ಅದು ಮೊದಲು ನಿಲ್ಲಿಸೋದು ಮುಟ್ಟನ್ನೇ, ತನ್ನ ಜೀವ ಉಳಿಸ್ಕೊಳ್ಳೋದೇ ಕಷ್ಟ ಅಂದಾಗ ಇನ್ನೊಂದು ಜೀವಕ್ಕೆ ಜಾಗ ಮಾಡಲ್ಲ, ಹಾರ್ಮೋನು ಅನ್ನೋದು ಮಾತ್ರೆಯಿಂದಷ್ಟೇ ಬರೋದಲ್ಲ, ರಕ್ತಪರೀಕ್ಷೆ ಮಾಡಿಸೋಣ, ಮಾತ್ರೆ ಬೇಕಾದ್ರೆ ಆಮೇಲೆ ನೋಡೋಣ, ಮೊದಲು ಮೂರು ಹೊತ್ತೂ ಕೂತು ಊಟ ಮಾಡಿ, ಬೇಗ ಮಲಗಿ, ಹೀಗೇ ಬಿಟ್ರೆ ಮೂಳೆನೂ ಸವೀತದೆ. ಇಷ್ಟೇನಾ ಎಂದು ಅವಳಿಗೆ ಅನ್ನಿಸಿತ್ತು, ಜಾವಗಲ್ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಇಷ್ಟೇನಾ ಎಂದು ನಕ್ಕಿದ್ದಳು, ಇದಕ್ಕಿಂತ ಆಪರೇಷನ್ನು ಸುಲಭ, ಆಪರೇಷನ್ನಿಗೆ ಮನೆಯವರೆಲ್ಲ ಹಣ್ಣು ಹಿಡಿದು ಬರುತ್ತಾರೆ — ಮನೆಯಲ್ಲಿ ಹೇಳಿದಾಗ ಮಾವ, ನಮ್ಮನೇಲಿ ಊಟಕ್ಕೆ ಕಮ್ಮಿ ಅಂತ ಅರಸೀಕೆರೆಲಿ ಹೇಳ್ಕೊಂಡು ಬಂದ್ಯಾ ಅಂದರು, ಅಕಲಂಕ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ, ರಾತ್ರಿ ಊಟ ಬಿಟ್ಟರೆ ಹೆಂಗಸರ ಹಾರ್ಮೋನು ಸರಿಹೋಗುತ್ತದೆ ಎಂದು ಬಿಳಿಕೋಟಿನವನೊಬ್ಬ ಕೈ ಬೀಸಿ ಹೇಳುತ್ತಿದ್ದ, ನೋಡು ನೀನು ಮೊದಲಿಂದ ಸರಿಯಾಗೇ ಮಾಡ್ತಿದೀಯ, ಅವನು ಕುಹಕವಾಡಲಿಲ್ಲ, ಸಮಾಧಾನ ಹೇಳಿದ, ಅದೇ ಅವಳನ್ನು ಸಾಯಿಸಿತು.

ನಿನ್ನೆ ಮತ್ತೆ ಅರಸೀಕೆರೆ, ತೂಕದ ಮುಳ್ಳು ಇನ್ನೂ ಹಿಂದಕ್ಕೆ, ಡಾಕ್ಟರು ಬಯ್ಯಲಿಲ್ಲ, ಯಾರ ಅಪ್ಪಣೆಗೆ ಕಾಯ್ತಿದೀರಿ ಎಂದು ಮಾತ್ರ ಕೇಳಿದರು, ದಾರಿಯುದ್ದಕ್ಕೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ — ಆದ್ದರಿಂದ ಇವತ್ತು, ಇವತ್ತು ಅವಳು ಮಧ್ಯಾಹ್ನವೇ ತರಕಾರಿ ಹೆಚ್ಚಿಟ್ಟಳು, ಚಪಾತಿ ಅಷ್ಟನ್ನೂ ಈಗಲೇ ಬೇಯಿಸಿ ತುಪ್ಪ ಸವರಿ ಬಟ್ಟೆಯಲ್ಲಿ ಸುತ್ತುತ್ತಾಳೆ, ಸುತ್ತಿದಳು, ಬೈಕಿನ ಸದ್ದು, ನಲ್ಲಿಯ ಸದ್ದು, ಅವಳು ಊಟದ ಮನೆಗೆ ಹೋಗಿ ಒಂದು ಎರಡು ಮೂರು, ಮತ್ತೆ ನಾಲ್ಕು, ನಾಲ್ಕನೆಯ ತಟ್ಟೆ ಗೋಡೆಗೆ ತಾಗಿ ಠಣ್ಣೆಂದಿತು. ಮಾವ ಒದ್ದೆ ಕೈ ಒರೆಸುತ್ತಾ ಯಾರು ಬರ್ತಿದಾರೆ ಅಂದರು. ಯಾರೂ ಇಲ್ಲ ಮಾವ, ಅದು ನನಗೆ. ಇಷ್ಟು ಹೇಳುವುದಕ್ಕೆ ಎಷ್ಟು ಉಸಿರು ಬೇಕಾಯಿತು, ಕೂತಳು, ಎಲ್ಲರಿಗೂ ಬಡಿಸಿ ತನಗೂ ಹಾಕಿಕೊಂಡು ಕೂತೇಬಿಟ್ಟಳು, ಗೋಡೆಯಲ್ಲಿ ಇನ್ನೂ ಬಿಸಿಲಿದೆ, ಅಕಲಂಕ ತಲೆಯೆತ್ತಲಿಲ್ಲ, ಅವಳು ಮೊದಲ ತುತ್ತು ಮುರಿದಳು — ಮಾವ ಚಪಾತಿಯನ್ನು ಮುಟ್ಟಿ ನೋಡಿದರು, ಬೆರಳ ತುದಿಯಿಂದ ಅಂಚಿಗೆ ಸರಿಸಿದರು, ಬೈಯಲಿಲ್ಲ, ಬರಿ ಅನ್ನ ಕಲಸಿಕೊಂಡು ಎರಡು ತುತ್ತು ಉಂಡು ಕೈ ನಿಲ್ಲಿಸಿದರು, ಆಗ ಅಕಲಂಕ ಮೆಲ್ಲಗೆ, ಒಂದೆರಡು ಬಿಸಿಯಾಗಿ ಹಾಕ್ಕೊಟ್ಬಿಡೇ, ಎಷ್ಟೊತ್ತಾಗುತ್ತೆ — ಎಷ್ಟು ಹೊತ್ತಾಗುತ್ತದೆ, ಅಲ್ಲವೇ, ಹೆಂಚು ಕಾಯಬೇಕು, ಉಂಡೆ ಕಟ್ಟಬೇಕು, ಲಟ್ಟಿಸಬೇಕು, ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು, ಯಾಕೆ ಎದ್ದೆ, ಏಳಬಾರದಿತ್ತು, ಕಾಲು ತಾವಾಗಿಯೇ ಎದ್ದವು, ಒಂದು ಹಾಕಿದಳು, ಇನ್ನೊಂದು ಅಂದರು, ಆ ಇನ್ನೊಂದು ಉಬ್ಬುವಾಗ ಅವಳು ಗೋಡೆಯ ಕಡೆ ನೋಡಲಿಲ್ಲ, ನೋಡದೆಯೇ ಗೊತ್ತಾಯಿತು.

ಅಪ್ಪ ಮಗನ ಬೈಕು ಮತ್ತೆ ಅಂಗಡಿಗೆ ಹೊರಟುಹೋಯಿತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ, ನೆಲದ ಮೇಲೆ ನಾಲ್ಕನೆಯ ತಟ್ಟೆ ಹಾಗೇ, ತೊವ್ವೆಯ ಮೇಲೆ ಕೆನೆಗಟ್ಟಿದೆ, ಹಿತ್ತಲ ನುಗ್ಗೆಮರ ಆಗಲೇ ಕಪ್ಪು, ಈಗ ಮುಚ್ಚಿಡಬೇಕು, ಬೆಳಗ್ಗೆ ದನಕ್ಕೆ ಹಾಕಬೇಕು — ಅತ್ತೆ ಎದ್ದು ಹೋಗಿರಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದರು, ಯಾವತ್ತೂ ಇಲ್ಲದ ಹಾಗೆ ಮಾತಾಡಿದರು, ಮಾತು ನೆಲಕ್ಕೆ ಹೇಳಿದ ಹಾಗಿತ್ತು, ನಂಗೂ ಅಕಲಂಕ ಹುಟ್ಟಿದ ಸ್ವಲ್ಪ ವರ್ಷಕ್ಕೇ ನಿಂತೋಯ್ತು ಕಣಮ್ಮ, ಮೂವತ್ತೈದೂ ಆಗಿರಲಿಲ್ಲ, ಆಗ ಖುಷಿನೇ ಆಯ್ತು, ತಿಂಗಳೆಲ್ಲ ಬಸದಿಗೆ ಹೋಗಬಹುದಲ್ಲ ಅಂತ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಇನ್ನೊಂದು ಮಗು ಯಾಕಾಗಲಿಲ್ಲ ಅಂತ ನಿಮ್ಮಾವ ಇವತ್ತಿಗೂ ಕೇಳ್ತಾರೆ. ಸೊಂಟ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಆ ಬಾಗಿದ ಬೆನ್ನನ್ನು ಮುದಿತನವೆಂದೇ ಎಲ್ಲರೂ ಅಂದುಕೊಂಡಿದ್ದರು, ಅತ್ತೆ ಎದ್ದರು, ಸ್ವಿಚ್ಚು ಒತ್ತಿದರು, ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಂಡಿತು, ತಟ್ಟೆಯನ್ನು ಅವಳ ಕಡೆಗೆ ಸರಿಸಿ, ಕೂತ್ಕೋ, ತಿನ್ನು, ಇನ್ನೂ ಬೆಳಕೈತೆ. ಎಂದೂ ಸುಳ್ಳಾಡದ, ಹುಟ್ಟಿದಾಗಿನಿಂದ ಒಂದು ನೇಮವನ್ನೂ ಮುರಿಯದ ಬಾಯಿ, ಕಿಟಕಿಯಾಚೆ ಕತ್ತಲು, ಇನ್ನೂ ಬೆಳಕೈತೆ ಅಂತಾರೆ, ದೀಪ್ತಿ ಕೂತಳು, ಮುರಿದಿಟ್ಟಿದ್ದ ತುತ್ತನ್ನು ತೊವ್ವೆಯಲ್ಲಿ ಅದ್ದಿ ಎತ್ತಿದಳು, ಹಸಿವು, ಎಷ್ಟು ಹಸಿವು, ಬಾಯಿಯ ತನಕ ಬಂತು — ಯಾಕೆ ಇರುಳಲ್ಲಿ ಉಣ್ಣಬಾರದು ಅಂತ ಅಜ್ಜಿ ಹೇಳುತ್ತಿದ್ದಳು, ಬೇರೇನಿಲ್ಲ ಮಗಾ, ದೀಪಕ್ಕೆ ಬಂದ ಜೀವ ಅನ್ನದೊಳಗೆ ಬೀಳ್ತದೆ, ನಮ್ಮ ಹಸಿವಿಗೆ ಅದು ಸಾಯಬಾರದು — ತಟ್ಟೆಯಲ್ಲಿ ತುಪ್ಪದ ಒಂದು ಕಣ್ಣು, ಅದರಲ್ಲಿ ಸಾಸಿವೆಯಷ್ಟು ಒಂದು ಹುಳ, ಈಗಷ್ಟೇ ಬಿದ್ದದ್ದು, ಒಂದು ರೆಕ್ಕೆ ಅಂಟಿಕೊಂಡಿದೆ, ಇನ್ನೊಂದು ಆಡುತ್ತಿದೆ, ತಿನ್ನು ಕಣಮ್ಮ ಎನ್ನುತ್ತಿದ್ದಾರೆ ಅತ್ತೆ, ಅವರಿಗೆ ಕಣ್ಣು ಮಂಜು, ಕಾಣುವುದಿಲ್ಲ, ಕಾಣುತ್ತದೆ, ಕಾಣುತ್ತದೋ ಏನೋ, ತುತ್ತು ಬಾಯಿಯ ಹತ್ತಿರವೇ ಇದೆ, ಕೆಳಗೆ ಆ ರೆಕ್ಕೆ ಆಡುತ್ತಿದೆ, ನಿಂತಿತು ಅಂದುಕೊಂಡರೆ ಮತ್ತೆ ಆಡುತ್ತಿದೆ, ತುಪ್ಪ ಗಟ್ಟಿಯಾಗುತ್ತಿದೆ, ಆ ರೆಕ್ಕೆ —